ರೈಟ್ ಕ್ಲಿಕ್ಕಿಗೊಂದು ಪೆಡಲ್

ನನಗಿರುವುದು ಒಂದೇ ಕೈ. ಎಡಗೈ ಮಣಿಕಟ್ಟಿನಿಂದ ಮುಂದಕ್ಕೆ ಇಲ್ಲ. ತುರ್ವಿಹಾಳದಲ್ಲಿ ಒಂಬತ್ತು ವರ್ಷದವಳಿದ್ದಾಗ ಮೇವು ಕತ್ತರಿಸುವ ಮಷೀನಿಗೆ ಜೋಳದ ಸೊಪ್ಪೆಯ ಜೊತೆ ಅದನ್ನೂ ಕೊಟ್ಟು ಬಂದೆ. ಇದನ್ನು ಮೊದಲಿಗೇ ಹೇಳಿಬಿಡುವುದಕ್ಕೆ ಕಾರಣವಿದೆ. "ಪಾಪ" ಅನ್ನುವವರು ಈಗಲೇ ಅಂದು ಮುಗಿಸಲಿ. ನಡುನಡುವೆ ಅನ್ನುತ್ತ ಕೂತರೆ ನನಗೆ ಮಾತಿನ ಎಳೆ ತಪ್ಪುತ್ತದೆ, ಸಿಟ್ಟೂ ಬರುತ್ತದೆ.

ಆಯಿತಲ್ಲ? ಇನ್ನು ಕೆಲಸದ ಮಾತು.

ಸಿಂಧನೂರಿನಲ್ಲಿ ಗೊಬ್ಬರ, ಕ್ರಿಮಿನಾಶಕ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ದಫ್ತರ. ನೌಕರಿ ಪರೀಕ್ಷೆಗೆ ಓದುವವರಿಗೆ ಗೈಡು ತಯಾರು ಮಾಡುತ್ತೇವೆ. ಒಂದು ಪ್ರಶ್ನೆ, ಕೆಳಗೆ ನಾಲ್ಕು ಉತ್ತರ, ಅದರಲ್ಲಿ ಒಂದು ಸರಿ. ಇಂಥ ಪ್ರಶ್ನೆಗಳು ಪುಟಗಟ್ಟಲೆ. ದಫ್ತರ ಅಂದರೆ ಮೂರೇ ಜನ. ಎಲ್ಲದಕ್ಕೂ ಯಜಮಾನರಾದ ಸಾವ್ಕಾರರು. ಟೈಪ್ ಮಾಡುವವಳು, ಸಾಲಗುಂದದಿಂದ ದಿನಾ ಬರುವ ಎರಡು ಮಕ್ಕಳ ತಾಯಿ. ಮತ್ತು ನಾನು, ಮಸ್ಕಿಯಿಂದ ಬಸ್ಸಿಗೆ ಬರುವವಳು. ಅವಳು ಟೈಪ್ ಮಾಡಿದ್ದನ್ನು ನಾನು ಚೆಕ್ ಮಾಡಬೇಕು. ಸರಿ ಅಂತ ಗುರುತು ಹಾಕಿದ ಉತ್ತರ ನಿಜವಾಗಿಯೂ ಸರಿಯೇ ಅಂತ ವೆಬ್‌ನಲ್ಲಿ ಹುಡುಕಿ ನೋಡಿ, ಪಕ್ಕದಲ್ಲಿ ಹಸಿರು ಚುಕ್ಕೆ ಇಡಬೇಕು. ಹಸಿರು ಚುಕ್ಕೆ ಬಿದ್ದ ಪುಟ ಮಾತ್ರ ಅಚ್ಚಿಗೆ ಹೋಗುತ್ತದೆ.

ಈ ಕೆಲಸದ ಮೇಲೆ ನನಗೆ ಪ್ರೀತಿ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಜಂಬವೂ ಇದೆ. ಓದಿದವರು ಬರೆದ ಪ್ರಶ್ನೆಯಲ್ಲಿ ತಪ್ಪು ಹಿಡಿದಾಗ ಆಗುವ ಖುಷಿ ಹಬ್ಬದ ದಿನವೂ ನನಗೆ ಆಗಿಲ್ಲ. ಊರಿನಲ್ಲಿ ನನ್ನನ್ನು ನೋಡಿದವರೆಲ್ಲ ಮೊದಲು ನನ್ನ ತೋಳಿನ ತುದಿ ನೋಡುತ್ತಾರೆ, ಆಮೇಲೆ ಮುಖ. ಆ ಖುರ್ಚಿಯ ಮೇಲೆ ಕೂತಾಗ ಮಾತ್ರ ನಾನು ಬೇರೆಯವರ ಕೊರತೆ ನೋಡುವವಳು.

ಆದರೆ ಮಷೀನು ನನ್ನ ಕಡೆಗಿರಲಿಲ್ಲ.

ದಫ್ತರದ ಎರಡೂ ಕಂಪ್ಯೂಟರು ಸಾವ್ಕಾರರು ಹೈದರಾಬಾದಿನ ಪ್ರೆಸ್ಸೊಂದರಿಂದ ಹಳೆಯವೇ ತಂದಿದ್ದು. ಪುಸ್ತಕದ ಪುಟ ಕಟ್ಟಲು ಒಳ್ಳೆಯವು, ವಯಸ್ಸು ಮಾತ್ರ ಆಗಿದೆ. ಅವನ್ನು ಮೊದಲು ಜೋಡಿಸಿ ಕೊಟ್ಟವನು ನನಗಿಂತ ಮುಂಚೆ ಇದ್ದ ಆಪರೇಟರು. ಅವನು ಪುಟ ಕಟ್ಟಿದ ಮೊದಲ ಗೈಡು ಚಲೋ ಓಡಿತು. ಅವನು ಕೆಲಸ ಬಿಟ್ಟು ಗಂಗಾವತಿಗೆ ಹೋಗಿ ಸ್ವಂತ ಅಂಗಡಿ ಹಾಕಿದರೂ ಅವನ ಕೈಗುಣ ಮಷೀನಿನಲ್ಲಿಯೇ ಉಳಿದಿದೆ ಅಂತ ಸಾವ್ಕಾರರು ನಂಬಿದ್ದಾರೆ. ಆಯುಧ ಪೂಜೆಗೆ ಎರಡೂ ಪರದೆಗಳಿಗೆ ವಿಭೂತಿ ಎಳೆಯುತ್ತಾರೆ. ಅವನು ಮಾಡಿಟ್ಟ ಸೆಟ್ಟಿಂಗ್ ಒಂದನ್ನೂ ಬದಲಿಸುವ ಹಾಗಿಲ್ಲ. ಪರದೆಯ ಹಿಂದಿನ ಚಿತ್ರವೂ ಅವನದೇ, ಯಾವುದೋ ಜಲಪಾತ. ಅದನ್ನು ನೋಡಿ ನೋಡಿ ನನಗೆ ನೀರಿನ ಮೇಲೇ ಸಿಟ್ಟು ಬಂದಿದೆ.

ಈಗ ರೈಟ್ ಕ್ಲಿಕ್ಕಿಗೆ ಬರುತ್ತೇನೆ. ಯಾವುದೇ ಶಬ್ದವನ್ನು ಮೌಸಿನಿಂದ ಆರಿಸಿ ಬಲಗಡೆಯ ಗುಂಡಿ ಒತ್ತಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ವೆಬ್‌ನಲ್ಲಿ ಹುಡುಕು ಅನ್ನುವ ಸಾಲು ಇರುತ್ತದೆ. ಒತ್ತಿದರೆ ಬ್ರೌಸರ್ ತಾನಾಗಿ ತೆರೆದು ಉತ್ತರ ತಂದಿಡುತ್ತದೆ. ಒಂದು ಕೈಯವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು? ಕೈ ಮೌಸಿನ ಮೇಲಿಂದ ಏಳುವುದೇ ಬೇಡ. ಆದರೆ ಆ ಸಾಲು ಒತ್ತಿದರೆ ತೆರೆಯುತ್ತಿದ್ದದ್ದು ಮಷೀನಿನ ಜೊತೆಗೇ ಹುಟ್ಟಿದ ಹಳೆಯ ಬ್ರೌಸರು. ಅದು ಹೊಸ ವೆಬ್‌ಸೈಟುಗಳನ್ನು ತೆರೆಯುವುದಿಲ್ಲ. ಸುರಕ್ಷಿತವಲ್ಲ ಅಂತ ಒಂದು ಪುಟ ತೋರಿಸಿ ಸುಮ್ಮನಾಗುತ್ತದೆ. ತೆರೆದರೂ ಕನ್ನಡದ ಒತ್ತಕ್ಷರಗಳು ಒಡೆದು ಚೌಕ ಚೌಕ ಕಾಣುತ್ತವೆ. ಚೆನ್ನಾಗಿ ನಡೆಯುವ ಇನ್ನೊಂದು ಬ್ರೌಸರೂ ಮಷೀನಿನಲ್ಲಿತ್ತು. ರೈಟ್ ಕ್ಲಿಕ್ಕಿಗೆ ಮಾತ್ರ ಅದರ ಮನೆ ಗೊತ್ತಿರಲಿಲ್ಲ.

ಹಾಗಾಗಿ ಒಂದು ಉತ್ತರ ನೋಡಬೇಕಾದರೆ ನಾನು ಮಾಡುತ್ತಿದ್ದದ್ದು ಇಷ್ಟು. ಶಬ್ದ ಆರಿಸುವುದು, ಕಾಪಿ ಮಾಡುವುದು, ಎರಡನೆಯ ಬ್ರೌಸರನ್ನು ಮುಂದೆ ತರುವುದು, ಹುಡುಕುವ ಜಾಗದಲ್ಲಿ ಒತ್ತುವುದು, ಅಲ್ಲಿದ್ದ ಹಳೆಯದನ್ನು ಅಳಿಸಲು ಕೀಬೋರ್ಡಿಗೆ ಹೋಗುವುದು, ಮತ್ತೆ ಮೌಸಿಗೆ ಬಂದು ಪೇಸ್ಟ್ ಮಾಡುವುದು, ಮತ್ತೆ ಕೀಬೋರ್ಡಿಗೆ ಹೋಗಿ ಎಂಟರ್ ಹೊಡೆಯುವುದು, ಮತ್ತೆ ಮೌಸಿಗೆ. ಸಾಲಗುಂದದವಳಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಎಡಗೈ ಕೀಲಿಗಳ ಮೇಲೆ, ಬಲಗೈ ಮೌಸಿನ ಮೇಲೆ, ಎರಡೂ ಒಂದನ್ನೊಂದು ಕೇಳಿಕೊಳ್ಳದೆ ಕೆಲಸ ಮುಗಿಸುತ್ತವೆ. ನನ್ನ ಬಲಗೈ ಮಾತ್ರ ದಿನವಿಡೀ ಸಿಂಧನೂರು–ಮಸ್ಕಿ ಬಸ್ಸಿನಂತೆ ಆ ಕಡೆ ಈ ಕಡೆ ಓಡುತ್ತಿತ್ತು. ಸಂಜೆ ಮಸ್ಕಿಯಲ್ಲಿ ಇಳಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಊದಿಕೊಂಡಿರುತ್ತಿತ್ತು.

ಇಲ್ಲಿ ಒಂದು ಹಕೀಕತ್ತು ಕಬೂಲ್ ಮಾಡಬೇಕು. ಆಗ ಯಾರಿಗೂ ಹೇಳಿರಲಿಲ್ಲ. ನಾನು ಎಲ್ಲ ಪ್ರಶ್ನೆಗಳನ್ನೂ ಹುಡುಕುತ್ತಿರಲಿಲ್ಲ. ನನಗೆ ಗೊತ್ತಿದೆ ಅನ್ನಿಸಿದ್ದನ್ನು ಹುಡುಕದೆಯೇ ಹಸಿರು ಚುಕ್ಕೆ ಇಟ್ಟು ದಾಟಿಬಿಡುತ್ತಿದ್ದೆ. ಕೈ ನೋಯುತ್ತಿತ್ತು, ಅದಕ್ಕೆ. ದಿನ ಕಳೆದಂತೆ ನನಗೆ ಗೊತ್ತಿದೆ ಅನ್ನಿಸುವ ಪ್ರಶ್ನೆಗಳು ಹೆಚ್ಚುತ್ತ ಹೋದವು. ಇಷ್ಟು ಕಳ್ಳತನ ಮಾಡಿದರೂ ಪುಟಗಳು ಹಿಂದೆ ಬೀಳುತ್ತಲೇ ಇದ್ದವು.

ಒಂದು ಶನಿವಾರ ಸಾವ್ಕಾರರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು. ಮನುಷ್ಯ ಕೆಟ್ಟವರಲ್ಲ. ಬೈಯುವವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಅವರು ದನಿ ಇಳಿಸಿ ಮಾತಾಡಿದರು.

"ತಂಗೆಮ್ಮ, ಹೊಸಾ ಗೈಡು ಜಲ್ದಿ ತರಬೇಕು. ನೀ ಇನ್ಮ್ಯಾಲೆ ಮುಂದಿನ ಟೇಬಲ್ಲಿಗೆ ಕುಂದ್ರು. ಫೋನ್ ಬಂದ್ರ ಎತ್ತು, ಮಂದಿ ಬಂದ್ರ ಕುಂದ್ರಸು. ಪಗಾರ ಇದ್ದಷ್ಟ ಇರತೈತಿ. ನಿನಗೂ ಆರಾಮ."

"ಚೆಕಿಂಗ್ ಯಾರು ಮಾಡ್ತಾರ್ರೀ?"

"ಆಕಿನ ಮಾಡ್ತಾಳ ಬಿಡು. ಆಕಿಗೆ ಎರಡೂ..." ಅಂದವರು ಅಲ್ಲಿಗೇ ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಎರಡೂ ಕೈ ಅದಾವ ಅಂತ ಪೂರ್ತಿ ಹೇಳಿದ್ದರೆ ಸಾಕಿತ್ತು. ಆ ಅರ್ಧಕ್ಕೆ ನಿಂತ ಮಾತು ನನ್ನ ಎದೆಗೆ ನಾಟಿತು. ಮುಂದಿನ ಟೇಬಲ್ಲು ಅಂದರೆ ಏನು ಅಂತ ನನಗೆ ಗೊತ್ತು. ಮೆಟ್ಟಿಲು ಹತ್ತಿ ಬಂದವರೆಲ್ಲ ನೋಡಲಿ ಅಂತ ನನ್ನನ್ನು ಕೂರಿಸುವುದು. ಅವರು ನನ್ನ ತೋಳು ನೋಡಿ, ಸಾವ್ಕಾರರ ಮುಖ ನೋಡಿ, ಎಂಥ ದೊಡ್ಡ ಮನಸ್ಸು ಅನ್ನುವುದು.

"ನನಗ ಆರಾಮ ಬ್ಯಾಡ್ರೀ," ಅಂದೆ. "ಬರೋ ಶನಿವಾರತನಕ ಟೈಮ್ ಕೊಡ್ರಿ. ನಮ್ಮ ಜಿಲ್ಲಾದ ಅಧ್ಯಾಯ ಪೂರಾ ಚೆಕ್ ಮಾಡಿ ಕೈಗೆ ಕೊಡ್ತೀನಿ. ಕೊಡಲಿಲ್ಲಂದ್ರ ನೀವು ಎಲ್ಲಿ ಅಂದ್ರ ಅಲ್ಲಿ ಕುಂದರತೀನಿ."

ಅವರು ಒಪ್ಪಿದರು. ಜಿದ್ದಿನಲ್ಲಿ ಹೇಳಿಬಿಟ್ಟಿದ್ದೆ. ಆ ಅಧ್ಯಾಯದಲ್ಲಿ ಆರುನೂರು ಪ್ರಶ್ನೆಗಳಿದ್ದವು. ನನ್ನ ಕೈ ಓಡುವ ಲೆಕ್ಕದಲ್ಲಿ ಅದು ಹದಿನೈದು ದಿನದ ಕೆಲಸ.

ಸಾಲಗುಂದದವಳು ಡಬ್ಬಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಮೆಲ್ಲಗೆ ಅಂದಳು: "ಅಕ್ಕ, ಅರ್ಧ ನನ್ನ ಮಷೀನಿಗೆ ಹಾಕು. ನಾ ಹುಡುಕಿ ಇಡ್ತೀನಿ. ಸಾವ್ಕಾರ್ರಿಗೆ ಗೊತ್ತಾಗಂಗಿಲ್ಲ."

"ನಿನ್ನ ಕೆಲಸ ನೀ ನೋಡ್ಕೊ," ಅಂದೆ. ಅವಳ ಮುಖ ಸಣ್ಣದಾಯಿತು. ನನಗೆ ಅದೇ ಬೇಕಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ, ಬೇಡವಾಗಿತ್ತು ಅಂದರೂ ಸುಳ್ಳೇ.

ಮರುದಿನ ಭಾನುವಾರ ಲಿಂಗಸುಗೂರಿಗೆ ಹೋದೆ. ಈ ಜಾತಿಯ ಮಷೀನು ಗೊತ್ತಿರುವ ರಿಪೇರಿಯವನು ಅಂದರೆ ನಮ್ಮ ಕಡೆ ಅವನೊಬ್ಬನೇ ಅಂತ ಕೇಳಿದ್ದೆ. ಅಂಗಡಿಯಲ್ಲಿ ನಮ್ಮಂಥದೇ ಒಂದು ಮಷೀನನ್ನು ಬಿಚ್ಚಿ ಜೋಡಿಸಿ ಕೂತಿದ್ದ. ರೈಟ್ ಕ್ಲಿಕ್ಕಿನ ಹುಡುಕಾಟ ಇನ್ನೊಂದು ಬ್ರೌಸರಿಗೆ ಹೋಗಬೇಕು, ಅಷ್ಟು ಮಾಡಿ ತೋರಿಸು ಅಂದೆ. ಅವನು ಸೆಟ್ಟಿಂಗ್ ತೆರೆದು, ಮುಖ್ಯ ಬ್ರೌಸರ್ ಯಾವುದು ಅನ್ನುವಲ್ಲಿ ಬದಲಿಸಿ, ಮುಗೀತು ಅನ್ನುವ ಹಾಗೆ ನನ್ನ ಕಡೆ ನೋಡಿದ. ಶಬ್ದ ಆರಿಸಿ ಒತ್ತಿದರೆ ಮತ್ತೆ ಹಳೆಯದೇ ತೆರೆಯಿತು. ಇನ್ನೊಮ್ಮೆ ಮಾಡಿದ. ಮತ್ತೆ ಅದೇ.

"ಈ ಸಾಲು ಆ ಹಳೇ ಬ್ರೌಸರಿಂದು ರೀ ಮೇಡಂ," ಅಂದ. "ಅದರ ಜೋಡಿನ ಬಂದೈತಿ, ಅಲ್ಲಿಗೇ ಹೋಗತೈತಿ. ನಾವು ನೀವು ಬದಲಿ ಮಾಡೋದಲ್ಲ. ಕಾಪಿ ಮಾಡಿ ಪೇಸ್ಟ್ ಮಾಡ್ರಿ, ಎಷ್ಟೊತ್ತಿನ ಕೆಲಸ ಅದು?"

ಆಗ ನಾನು ಸೆರಗಿನೊಳಗಿದ್ದ ಎಡತೋಳನ್ನು ತೆಗೆದು ಅವನ ಟೇಬಲ್ಲಿನ ಮೇಲೆ ಇಟ್ಟೆ. ಸಾಮಾನ್ಯವಾಗಿ ನಾನು ಹಾಗೆ ಮಾಡುವವಳಲ್ಲ. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. ಆಮೇಲೆ ಅಂದದ್ದು ಏನು ಗೊತ್ತೆ? "ಪಾಪ. ಮನ್ಯಾಗ ಮತ್ಯಾರರ ಇದ್ರ ಈ ಕೆಲಸಕ್ಕ ಕಳಸಬಾರದ್ರೀ?"

ನಾನು ಎದ್ದು ಬಂದೆ. ಬಸ್ಸಿನಲ್ಲಿ ಮಸ್ಕಿ ಬರುವವರೆಗೂ ಅವನಿಗೆ ಹೇಳಬೇಕಾಗಿದ್ದ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಮಸ್ಕಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಕಾಲು ತಾವಾಗಿಯೇ ಟೈಪಿಂಗ್ ಮಾಸ್ತರರ ಮನೆಯ ಕಡೆ ತಿರುಗಿದವು.

ಮಾಸ್ತರರ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೆಟ್ರಿಕ್ ಮುಗಿಸಿದಾಗ ನಾನು ಟೈಪಿಂಗ್ ಕಲಿಯುತ್ತೇನೆ ಅಂತ ಹಟ ಹಿಡಿದೆ. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಒಂದು ಹಾಳೆಯ ಮೇಲೆ ಕೀಲಿಗಳ ಚಿತ್ರ ಬರೆದು, ಹತ್ತು ಬೆರಳಿಗೆ ಹಂಚಿದ್ದನ್ನು ಐದು ಬೆರಳಿಗೆ ಹೊಸದಾಗಿ ಹಂಚಿ ಕೊಟ್ಟರು. ಅಕ್ಷರಗಳ ತಕರಾರು ಅಲ್ಲಿಗೆ ತೀರಿತು. ಉಳಿದದ್ದು ಸಾಲು ಮುಗಿದಾಗಿನ ತಕರಾರು. ಟೈಪ್‌ರೈಟರಿನಲ್ಲಿ ಒಂದು ಸಾಲು ಮುಗಿದರೆ ಮೇಲಿನ ಉರುಳೆಯನ್ನು ತಳ್ಳಿ ಮೊದಲಿಗೆ ತರಬೇಕು, ಆ ತಳ್ಳುವ ಹಿಡಿ ಇರುವುದು ಎಡಗಡೆಗೆ. ಪ್ರತಿ ಸಾಲಿಗೂ ನನ್ನ ಬಲಗೈ ಮಷೀನಿನ ಆಚೆ ತುದಿಗೆ ಹೋಗಿ ಬರಬೇಕು. ಎರಡು ದಿನ ಅದನ್ನು ನೋಡಿದ ಮಾಸ್ತರರು ಮೂರನೆಯ ದಿನ ಹಳೆಯ ಹೊಲಿಗೆ ಮಷೀನಿನ ಕಾಲಿನ ಪೆಡಲ್ ತಂದು ನನ್ನ ಟೇಬಲ್ಲಿನ ಕೆಳಗೆ ಕೂರಿಸಿದರು. ಅದಕ್ಕೊಂದು ಹುರಿ ಕಟ್ಟಿ, ಮೇಜಿನ ಅಂಚಿಗೆ ಹೊಡೆದ ಸಣ್ಣ ಗಾಲಿಯ ಮೇಲೆ ಹಾಯಿಸಿ, ಆ ಹಿಡಿಗೆ ಬಿಗಿದರು. ಕಾಲಿನಿಂದ ಒತ್ತಿದರೆ ಉರುಳೆ ಸರ್ರನೆ ಮೊದಲಿಗೆ ಬರುತ್ತಿತ್ತು. "ಮಷೀನು ನಿನಗ ಹೊಂದಬೇಕು ಮಗಳ, ನೀ ಮಷೀನಿಗಲ್ಲ," ಅಂದಿದ್ದರು. ಮೂರು ತಿಂಗಳಲ್ಲಿ ನಾನು ಆ ಕೋಣೆಯ ಹುಡುಗರಿಗಿಂತ ಜೋರಾಗಿ ಬಡಿಯತೊಡಗಿದೆ.

ಪರೀಕ್ಷೆಗೆ ಮಾಸ್ತರರು ಪೆಡಲ್, ಹುರಿ, ಗಾಲಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ಬಂದರು. ಕಟ್ಟಿಯೂ ಕೊಟ್ಟರು. ಮೇಲ್ವಿಚಾರಕ ಬಂದು ಟೇಬಲ್ಲಿನ ಕೆಳಗೆ ಬಗ್ಗಿ ನೋಡಿ, ಇದು ನಿಯಮದಲ್ಲಿಲ್ಲ, ಬಿಚ್ಚಿ ಅಂದ. ಮಾಸ್ತರರು ಬೇಡಿಕೊಂಡರು. ಆಮೇಲೆ ನೆಲಕ್ಕೆ ಕೂತು ಗಂಟು ಬಿಚ್ಚಿದರು. ಅದನ್ನು ನಾನು ಮೇಲಿಂದ ನೋಡುತ್ತ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ನಾಲ್ಕು ಸಾಲು ಕಡಿಮೆ ಬಿದ್ದು ನಾಪಾಸಾದೆ. ಅಂದು ಆಡದ ಮಾತು ಇಪ್ಪತ್ತು ವರ್ಷವಾದರೂ ನನ್ನ ಗಂಟಲಲ್ಲೇ ಉಳಿದಿತ್ತು.

ಭಾನುವಾರ ಮಧ್ಯಾಹ್ನ ಮಾಸ್ತರರು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಟೈಪಿಂಗ್ ಕೋಣೆ ಮುಚ್ಚಿ ಕಾಲವಾಗಿದೆ.

"ಏನವ್ವ, ಇವತ್ತು ಯಾರ ಮ್ಯಾಲೆ ಸಿಟ್ಟು?" ಅಂದರು. ನನ್ನ ಮುಖ ಅವರಿಗೆ ಬಾಯಿಪಾಠ.

ಎಲ್ಲ ಹೇಳಿದೆ. ಕಂಪ್ಯೂಟರ್ ಅವರಿಗೆ ಬರುವುದಿಲ್ಲ. ರೈಟ್ ಕ್ಲಿಕ್ ಅಂದರೇನು ಅಂತ ಎರಡು ಸಲ ಹೇಳಬೇಕಾಯಿತು. ಕೇಳಿ ಮುಗಿಸಿ ಒಂದು ಮುಷ್ಟಿ ಶೇಂಗಾ ನನ್ನ ಕೈಗೆ ಹಾಕಿದರು.

"ಆ ಸಾಲು ಆ ಬ್ರೌಸರಿನ ಜೋಡಿ ಹುಟ್ಟಿ ಬಂದದ್ದು, ಅದನ್ನ ತಿರುವಾಕ ಬರಂಗಿಲ್ಲ ಅಂದಾನ. ಹೌದಿಲ್ಲೋ?"

"ಹೂನ್ರೀ."

"ನಾ ಆವತ್ತು ಎಡಗಡೀ ಹಿಡಿ ಕಿತ್ತು ಬಲಕ್ಕ ಹಚ್ಚಿದ್ನೇನು? ಹಿಡಿ ಇದ್ದಲ್ಲೇ ಇತ್ತು. ನಿನಗ ಬ್ಯಾರೇದೊಂದು ಹಚ್ಚಿದೆ."

ನಾನು ಶೇಂಗಾ ತಿನ್ನುವುದನ್ನು ಮರೆತು ಅವರ ಮುಖ ನೋಡಿದೆ. ಹೌದಲ್ಲ. ಇದ್ದ ಸಾಲನ್ನು ಬದಲಿಸಬೇಕು ಅಂತಲೇ ನಾನೂ ಲಿಂಗಸುಗೂರಿನವನೂ ಬಡಿದಾಡಿದ್ದೆವು. ಆ ಪಟ್ಟಿಯಲ್ಲಿ ನನ್ನದೇ ಒಂದು ಹೊಸ ಸಾಲು ಸೇರಿಸಲು ಬರುತ್ತದೆಯೇ ಅಂತ ಯಾರೂ ಕೇಳಿರಲಿಲ್ಲ.

ಬರುತ್ತದೆ. ಸೋಮವಾರ ಮಧ್ಯಾಹ್ನ ಸಾವ್ಕಾರರು ಊಟಕ್ಕೆ ಮನೆಗೆ ಹೋದಾಗ ವೆಬ್‌ನಲ್ಲಿ ಹುಡುಕಿದೆ. ಅದನ್ನೂ ಮೌಸು, ಕೀಬೋರ್ಡು ಅಂತ ಕೈ ಓಡಿಸುತ್ತಲೇ. ಮಷೀನಿನಲ್ಲಿಯೇ ಒಂದು ಚಿಕ್ಕ ಪ್ರೋಗ್ರಾಂ ಇದೆ, ನಾವು ಹೇಳಿದ ಕೆಲಸಗಳನ್ನು ಒಂದರ ಕೆಳಗೊಂದು ಜೋಡಿಸಿಕೊಂಡು ರೈಟ್ ಕ್ಲಿಕ್ಕಿನ ಪಟ್ಟಿಯಲ್ಲಿ ಒಂದು ಸಾಲಾಗಿ ಇಡುತ್ತದೆ. ಇಷ್ಟು ದಿನ ಅದು ಅಲ್ಲೇ ಕೂತಿತ್ತು. ಕೈಗುಣದವನಿಗೆ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ.

ಯಾವ ಪ್ರೋಗ್ರಾಂನಲ್ಲಿದ್ದರೂ, ಆರಿಸಿದ ಶಬ್ದವನ್ನು ತಗೋ ಅಂದೆ. ಅದನ್ನು ಹುಡುಕಾಟದ ವಿಳಾಸದ ಕೊನೆಗೆ ಅಂಟಿಸಿ ಎರಡನೆಯ ಬ್ರೌಸರಿನಲ್ಲಿ ತೆರೆ ಅಂತ ಒಂದು ಸಾಲು ಬರೆದೆ. ಉಳಿಸಿ ಒತ್ತಿದೆ. ಬ್ರೌಸರ್ ತೆರೆಯಿತು, ಖಾಲಿ ಪುಟ. ಶಬ್ದ ಬಾಗಿಲವರೆಗೆ ಬಂದಿತ್ತು, ಒಳಗೆ ಕರೆದುಕೋ ಅಂತ ನಾನು ಹೇಳಿರಲಿಲ್ಲ. ಅದಕ್ಕೊಂದು ಆಯ್ಕೆ ಇತ್ತು, ಬದಲಿಸಿದೆ. ಎರಡನೆಯ ಸಲ ನಾಲ್ಕು ಶಬ್ದ ಆರಿಸಿದರೆ ಮೊದಲನೆಯದು ಮಾತ್ರ ಹೋಯಿತು. ನಾಲ್ಕನ್ನೂ ಒಂದೇ ಗಂಟಾಗಿ ಕಟ್ಟಿ ಕೊಡಬೇಕಂತೆ. ಕಟ್ಟಿದೆ. ಮೂರನೆಯ ಸಲ, ಮುದಗಲ್ ಕೋಟೆ ಅಂತ ಆರಿಸಿ ಒತ್ತಿದೆ. ಎರಡನೆಯ ಬ್ರೌಸರ್ ತೆರೆದು, ಒತ್ತಕ್ಷರ ಒಡೆಯದೆ, ಮುದಗಲ್ ಕೋಟೆಯ ಪುಟಗಳೆಲ್ಲ ಸಾಲಾಗಿ ಬಂದು ನಿಂತವು. ಕೈ ಮೌಸಿನ ಮೇಲಿಂದ ಎದ್ದಿರಲಿಲ್ಲ.

ಈ ಸಾಲಿಗೆ ಹೆಸರೇನು ಅಂತ ಮಷೀನು ಕೇಳಿತು. ಯೋಚಿಸಲೇ ಇಲ್ಲ. ಪೆಡಲ್ ಅಂತ ಬರೆದೆ, ಕನ್ನಡದಲ್ಲಿ.

ಸಾಲಗುಂದದವಳು ಡಬ್ಬಿ ಮುಚ್ಚುತ್ತ ನನ್ನನ್ನೇ ನೋಡುತ್ತಿದ್ದಳು. ಶನಿವಾರದಿಂದ ನನ್ನ ಜೊತೆ ಮಾತಾಡಿರಲಿಲ್ಲ. "ನಗಾಕತ್ತೀಯಲ್ಲಕ್ಕ," ಅಂದಳು. ನಾನು ನಗುತ್ತಿದ್ದೆ ಅಂತ ಆಗಲೇ ನನಗೆ ಗೊತ್ತಾದದ್ದು. ಶನಿವಾರದ ಮಾತು ತಪ್ಪಾತು ಅಂದೆ. ಅವಳು ಖುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಮರುದಿನ ಊಟದ ಹೊತ್ತಿಗೆ ಅವಳ ಮಷೀನಿಗೂ ಒಂದು ಪೆಡಲ್ ಹಾಕಿಸಿದೆ. ನಾನು ಹೇಳುತ್ತ ಹೋದೆ, ಅವಳೇ ಮಾಡಿದಳು. ಎರಡು ಕೈ ಇದ್ದವರಿಗೂ ಅದು ಸಲೀಸು ಅಂತ ಆವತ್ತು ತಿಳಿಯಿತು.

ಆ ವಾರ ನಾನು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಆರಿಸು, ಒತ್ತು, ಓದು, ಚುಕ್ಕೆ ಇಡು. ಹುಡುಕುವುದಕ್ಕೆ ಕೈ ನೋವಿನ ಹೆದರಿಕೆ ಇಲ್ಲ ಅಂದ ಮೇಲೆ ಎಲ್ಲವನ್ನೂ ಹುಡುಕಿದೆ. ಗೊತ್ತಿದ್ದದ್ದನ್ನು, ಗೊತ್ತಿಲ್ಲದ್ದನ್ನು, ಬಿಡದೆ. ಮೊದಲೇ ಚುಕ್ಕೆ ಇಟ್ಟು ದಾಟಿದ್ದ ಪುಟಗಳಿಗೂ ಹಿಂದೆ ಹೋದೆ. ಅಲ್ಲೇ ಸಿಕ್ಕಿಬಿದ್ದೆ.

ಗುರುವಾರ. ಪ್ರಶ್ನೆ ಇದು: ಪ್ರಾಚೀನ ಶಿಲಾಶಾಸನವಿರುವ ಮಸ್ಕಿ ಯಾವ ತಾಲೂಕಿನಲ್ಲಿದೆ? ಸಿಂಧನೂರು, ಲಿಂಗಸುಗೂರು, ಮಾನ್ವಿ, ದೇವದುರ್ಗ. ಸರಿಯುತ್ತರ ಲಿಂಗಸುಗೂರು. ಪಕ್ಕದಲ್ಲಿ ನನ್ನ ಹಸಿರು ಚುಕ್ಕೆ. ಹುಡುಕದೆ ಇಟ್ಟದ್ದು. ಮೊದಲಿನಿಂದಲೂ ಮಸ್ಕಿಯ ಹೆಸರಿನ ಜೊತೆ ತಾಲೂಕು ಲಿಂಗಸುಗೂರು ಅಂತಲೇ ಬರೆದವರು ನಾವು. ಮದುವೆ ಕಾರ್ಡಿನಲ್ಲಿ, ಪಡಿತರ ಚೀಟಿಯಲ್ಲಿ, ಅರ್ಜಿಯಲ್ಲಿ. ಕೈ ತಾನೇ ಬರೆದುಬಿಡುತ್ತದೆ. ಪೆಡಲ್ ಒತ್ತಿದೆ. ಮಸ್ಕಿ ಈಗ ತಾನೇ ಒಂದು ತಾಲೂಕು. ಅದೇನು ನನಗೆ ಗೊತ್ತಿಲ್ಲದ್ದೇ? ತಹಶೀಲ್ದಾರರ ಕಚೇರಿಯ ಬೋರ್ಡು ದಿನಾ ಕಣ್ಣಿಗೆ ಬೀಳುತ್ತದೆ. ಆದರೂ ಹೊಸ ಗೈಡಿನ ನಾಲ್ಕು ಉತ್ತರಗಳಲ್ಲಿ ನನ್ನ ಊರೇ ಇರಲಿಲ್ಲ, ಮತ್ತು ಅದು ಸರಿ ಅಂತ ಒಪ್ಪಿದವಳು ನಾನು.

ಹಿಂದಿನ ಪುಟಗಳಲ್ಲಿ ಇಂಥವು ಒಟ್ಟು ಹನ್ನೊಂದು ಸಿಕ್ಕವು. ಹನ್ನೊಂದರ ಮೇಲೂ ನನ್ನ ಚುಕ್ಕೆ.

ಶುಕ್ರವಾರದ ಬಸ್ಸಿನಲ್ಲಿ ಇದನ್ನೇ ತಿರುವಿ ಹಾಕಿದೆ. ಚುಕ್ಕೆ ಇಟ್ಟವಳು ನಾನೇ, ಸದ್ದಿಲ್ಲದೆ ತಿದ್ದಿದರೆ ಕೇಳುವವರು ಯಾರು? ಹೇಳಿದರೆ ಮುಂದಿನ ಟೇಬಲ್ಲು ಗ್ಯಾರಂಟಿ. ಆದರೆ ಹೇಳದೆ ಹೋದರೆ ಪೆಡಲ್ಲೂ ಕದ್ದು ಮಾಡಿದ್ದಾಗಿಯೇ ಉಳಿಯುತ್ತದೆ. ಒಂದಲ್ಲ ಒಂದು ದಿನ ಸಾವ್ಕಾರರ ಕಣ್ಣಿಗೆ ಬೀಳುತ್ತದೆ, ಬಿಚ್ಚು ಅನ್ನುತ್ತಾರೆ. ಅವತ್ತು ಪೆಡಲ್ ಯಾಕೆ ಬೇಕು ಅಂತ ತೋರಿಸುವುದಕ್ಕೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ನನಗೆ ಖುರ್ಚಿ ಬೇಕಿತ್ತು. ಬಗ್ಗಿ ಕೂತು ಉಳಿಸಿಕೊಳ್ಳುವ ಖುರ್ಚಿ ಬೇಕಿರಲಿಲ್ಲ.

ಶನಿವಾರ ಬೆಳಿಗ್ಗೆ ಅಧ್ಯಾಯ ಪೂರಾ ಅವರ ಮುಂದಿಟ್ಟೆ. ಅದರ ಮೇಲೆ ಇನ್ನೊಂದು ಹಾಳೆ, ಹನ್ನೊಂದು ತಪ್ಪುಗಳು.

"ಇವು ನಾ ಹುಡುಕಲಾರದ ಚುಕ್ಕಿ ಇಟ್ಟಿದ್ದು ರೀ," ಅಂದೆ. "ಹುಡುಕಿದ್ರ ಕೈ ನೋಯತಿತ್ತು, ಅದಕ್ಕ ಬಿಟ್ಟಿದ್ದೆ. ಈಗ ಮಷೀನಿಗೆ ಒಂದು ಹೊಸಾ ಸಾಲು ಹಾಕೀನಿ. ಎಲ್ಲಾ ಹುಡುಕೀನಿ."

ಅವರು ಹಾಳೆ ಓದಿದರು. ಮೊದಲ ಸಾಲಿನಲ್ಲಿಯೇ ಮಸ್ಕಿ ಇತ್ತು. ಓದಿ ಮುಗಿಸಿ ಅವರು ಹಿಡಿದುಕೊಂಡದ್ದು ಬೇರೆಯದನ್ನೇ.

"ಮಷೀನಿಗೆ ಹಾಕಿ ಅಂದ್ರ? ಯಾರನ್ನ ಕೇಳಿ ಹಾಕಿದಿ?"

"ಯಾರನ್ನೂ ಕೇಳಿಲ್ರೀ."

ಅವರು ನನ್ನ ಟೇಬಲ್ಲಿಗೆ ಬಂದರು. ರೈಟ್ ಕ್ಲಿಕ್ ಮಾಡಿ ತೋರಿಸಿದೆ. ಪಟ್ಟಿಯ ಕೊನೆಗೆ ಪೆಡಲ್ ಅಂತ ಕನ್ನಡದ ಒಂದು ಸಾಲು ಕೂತಿತ್ತು. ಅವರು ಪರದೆಯ ಹತ್ತಿರ ಬಗ್ಗಿ ನೋಡಿದರು. ಇಪ್ಪತ್ತು ವರ್ಷದ ಹಿಂದೆ ಆ ಮೇಲ್ವಿಚಾರಕ ಬಗ್ಗಿದ್ದು ನೆನಪಾಯಿತು.

"ಅವನ ಕೈಗುಣಕ್ಕ ಮೊದಲನೇ ಪುಸ್ತಕ ಓಡೈತಿ," ಅಂದರು. "ಮಷೀನು ಅವಾ ಇಟ್ಟಂಗ ಇರಬೇಕು. ತಗಿ ಅದನ್ನ. ಮೊದಲ ಹೆಂಗಿತ್ತೋ ಹಂಗ ಮಾಡು. ಉಳದಿದ್ದು ಆಮ್ಯಾಲೆ ಮಾತಾಡೂಣು."

"ನಾ ತಗಿಯಂಗಿಲ್ರೀ," ಅಂದೆ.

ಅಷ್ಟೇ ಮಾತು. ಇಪ್ಪತ್ತು ವರ್ಷ ಗಂಟಲಲ್ಲಿದ್ದದ್ದು ಇಷ್ಟು ಚಿಕ್ಕದು ಅಂತ ನನಗೆ ಗೊತ್ತೇ ಇರಲಿಲ್ಲ. ಮೌಸನ್ನು ಅವರ ಕಡೆ ಸರಿಸಿದೆ. "ಬ್ಯಾಡ ಅಂದ್ರ ನೀವ ತಗೀರಿ. ನೀವು ತಗದ ಕೂಡಲೇ ನಾ ಎದ್ದು ಹೋಗತೀನಿ. ಮುಂದಿನ ಟೇಬಲ್ಲಿಗಲ್ಲ, ಮನಿಗೆ."

ಸಾವ್ಕಾರರು ಮೌಸ್ ಹಿಡಿದರು. ಪಟ್ಟಿ ತೆರೆದರು, ಮುಚ್ಚಿದರು, ಇನ್ನೊಮ್ಮೆ ತೆರೆದರು. ಅವರಿಗೆ ತೆಗೆಯುವುದು ಹೇಗೆ ಅಂತ ಗೊತ್ತಿರಲಿಲ್ಲ. ಪಕ್ಕದ ಮಷೀನಿನ ಕಡೆ ತಿರುಗಿದರು.

"ನೀ ಬಾಯವ್ವ. ನೀ ತಗಿ ಇದನ್ನ."

ಸಾಲಗುಂದದವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ, ಒಂದರ ಮೇಲೊಂದು ಮಡಿಲಲ್ಲಿಟ್ಟುಕೊಂಡಳು.

"ನನಗ ಬರಂಗಿಲ್ರೀ ಸಾವ್ಕಾರ್ರ," ಅಂದಳು.

ಮಂಗಳವಾರ ತನ್ನ ಕೈಯಾರೆ ಪೆಡಲ್ ಹಾಕಿಕೊಂಡವಳು. ನನ್ನ ಕಡೆ ನೋಡಲಿಲ್ಲ. ಕೈ ಮಡಿಲಲ್ಲೇ ಇದ್ದವು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ.

ಸಾವ್ಕಾರರು ಮೌಸ್ ಬಿಟ್ಟರು. ನನ್ನ ಹನ್ನೊಂದು ತಪ್ಪಿನ ಹಾಳೆಯನ್ನು ಮತ್ತೆ ಎತ್ತಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ಮೊದಲನೆಯ ಸಾಲನ್ನೇ ಇನ್ನೊಮ್ಮೆ ಓದಿದರು. ಅವರ ತಂಗಿಯನ್ನು ಕೊಟ್ಟದ್ದೂ ಮಸ್ಕಿಗೇ.

"ಇದರಾಗ ಮಸ್ಕಿ ಹಾಕಬೇಕಂದ್ರ," ಅಂದರು ಕೊನೆಗೆ, "ನಾಕರಾಗ ಯಾವುದು ತಗೀಬೇಕು?"

"ಮಾನ್ವಿ ತಗೀರಿ," ಅಂದೆ. "ಲಿಂಗಸುಗೂರು ಇರಲಿ. ನನ್ನಂಗ ಹುಡುಕಲಾರದ ಚುಕ್ಕಿ ಇಡೋರು ಅದರಾಗ ಬೀಳಲಿ."

ಅವರು ಹಾಳೆಯ ಮೇಲೆ ಗೀಟು ಹಾಕಿಕೊಂಡು ಒಳಗೆ ಹೋದರು. ನಾನು ಮೌಸನ್ನು ನನ್ನ ಕಡೆ ಎಳೆದುಕೊಂಡು ಮುಂದಿನ ಅಧ್ಯಾಯ ತೆರೆದೆ.